ಒಂದು ಹುರಿ, ಹಲವು ಋತು: ಬಿಚ್ಚಿ ಬದಲಿಸುವ ಕ್ರೋಶಾ ತೋರಣ

ಕ್ರೋಶಾ ತೋರಣ ಹೆಣೆಯುವವರಲ್ಲಿ ಹೆಚ್ಚಿನವರು ಹೂವು, ಎಲೆಗಳನ್ನು ನೇರವಾಗಿ ಹುರಿಗೇ ಹೊಲಿದುಬಿಡುತ್ತಾರೆ. ಋತು ಬದಲಾದಾಗ ಇಡೀ ತೋರಣ ಪೆಟ್ಟಿಗೆ ಸೇರುತ್ತದೆ, ಹೊಸದಕ್ಕೆ ಮತ್ತೆ ಮುನ್ನೂರು ಚೈನಿನಿಂದ ಶುರು ಮಾಡಬೇಕು. ಇಲ್ಲಿ ಹೇಳುವ ವಿಧಾನ ಬೇರೆ. ಹುರಿಯನ್ನು ಒಮ್ಮೆ ಮಾತ್ರ, ಗಟ್ಟಿಯಾಗಿ ಮಾಡಿಕೊಳ್ಳುವುದು. ಅದರ ಉದ್ದಕ್ಕೂ ಸಣ್ಣ ಕುಣಿಕೆಗಳನ್ನು ಬಿಡುವುದು. ಹೂವು, ಎಲೆ, ಸ್ನೋಫ್ಲೇಕ್‌ಗಳ ಬೆನ್ನಿಗೆ ಗುಂಡಿ ಹೊಲಿದು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ಬಿಚ್ಚುವುದು. ಹನ್ನೆರಡು ತುಂಡುಗಳ ಒಂದು ಸೆಟ್ ಹೆಣೆಯುವುದು ಇಡೀ ತೋರಣ ಹೆಣೆಯುವುದಕ್ಕಿಂತ ಹಗುರದ ಕೆಲಸ, ಎತ್ತಿಡುವುದಕ್ಕೂ ಸಣ್ಣ ಡಬ್ಬಿ ಸಾಕು.

ಚೈನ್, ಸಿಂಗಲ್ ಕ್ರೋಶಾ, ಹಾಫ್ ಡಬಲ್, ಡಬಲ್ ಕ್ರೋಶಾ, ಸ್ಲಿಪ್ ಸ್ಟಿಚ್ ಈ ಐದು ಬಂದರೆ ಇಲ್ಲಿರುವುದೆಲ್ಲವನ್ನೂ ಹೆಣೆಯಬಹುದು.

ದಾರ ಮತ್ತು ಕಡ್ಡಿ

ತೋರಣಕ್ಕೆ ಕಾಟನ್ ದಾರವೇ ಮೊದಲ ಆಯ್ಕೆ. ಉಲ್ಲನ್ ಮತ್ತು ಅಕ್ರಿಲಿಕ್ ದಾರಗಳಿಗೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಗುಣವಿದೆ. ಸ್ವೆಟರಿಗೆ ಅದು ವರ, ತೂಗುಹಾಕುವ ವಸ್ತುವಿಗೆ ತೊಂದರೆ. ಕಾಟನ್ ಅಷ್ಟು ಹಿಗ್ಗುವುದಿಲ್ಲ, ಸ್ಟಿಚ್‌ಗಳ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಗಂಜಿ ಚೆನ್ನಾಗಿ ಹಿಡಿಯುತ್ತದೆ.

ಕಾಟನ್‌ನಲ್ಲೂ ಎರಡು ಬಗೆ. ಹೊಳಪಿಲ್ಲದ ಸಾದಾ ಕಾಟನ್ ನೀರು ಬೇಗ ಹೀರುತ್ತದೆ, ಲೋಟದ ಕೆಳಗಿಡುವ ಕೋಸ್ಟರಿಗೆ ಅದು ಸರಿ. ಹೊಳಪಿರುವುದು ಮರ್ಸರೈಸ್ಡ್ ಕಾಟನ್. 1850ರಲ್ಲಿ ಜಾನ್ ಮರ್ಸರ್ ಪೇಟೆಂಟ್ ಪಡೆದ ಕಾಸ್ಟಿಕ್ ಸೋಡಾ ಸಂಸ್ಕರಣೆಯಿಂದ ಬಂದ ಹೆಸರು ಅದು. ಸೋಡಾದಲ್ಲಿ ಎಳೆ ಉಬ್ಬಿ ದುಂಡಗಾಗುತ್ತದೆ, ಬಣ್ಣ ಆಳವಾಗಿ ಹಿಡಿಯುತ್ತದೆ, ಗಟ್ಟಿತನವೂ ಹೆಚ್ಚುತ್ತದೆ. ಹೂವು ಮತ್ತು ಹುರಿಗೆ ಇದನ್ನೇ ತೆಗೆದುಕೊಳ್ಳಿ. ಒಂದೇ ದೋಷವೆಂದರೆ ಇದು ಜಾರುತ್ತದೆ, ಹಾಗಾಗಿ ದಾರದ ತುದಿಗಳನ್ನು ಹೆಚ್ಚು ಜಾಗ್ರತೆಯಿಂದ ಮುಚ್ಚಬೇಕು.

ದಪ್ಪದ ವಿಷಯಕ್ಕೆ ಬಂದರೆ, ಇಲ್ಲಿನ ಲೆಕ್ಕವೆಲ್ಲ 8 ಪ್ಲೈ ಅಥವಾ ಡಿಕೆ (ಡಬಲ್ ನಿಟ್ಟಿಂಗ್, ಮಧ್ಯಮ ದಪ್ಪ) ಎಂದು ಲೇಬಲ್ ಇರುವ ದಾರಕ್ಕೆ. ಕೊಕ್ಕೆ ತುದಿಯ ಕ್ರೋಶಾ ಕಡ್ಡಿ 3.5 ಮಿ.ಮೀ., ಜೊತೆಗೆ ಇನ್ನೊಂದು 4 ಮಿ.ಮೀ. ಈ ದಪ್ಪದ ಕಾಟನ್ 50 ಗ್ರಾಂ ಉಂಡೆಯಲ್ಲಿ ಸಾಮಾನ್ಯವಾಗಿ 100ರಿಂದ 125 ಮೀಟರ್ ಇರುತ್ತದೆ. ಉಲ್ಲನ್‌ಗಿಂತ ಕಾಟನ್ ತೂಕ ಹೆಚ್ಚು, ಅದಕ್ಕೇ ಅದೇ ತೂಕದಲ್ಲಿ ಉದ್ದ ಕಡಿಮೆ. ಉಂಡೆ ಕೊಳ್ಳುವಾಗ ಗ್ರಾಂ ಬಿಟ್ಟು ಮೀಟರ್ ನೋಡುವ ಅಭ್ಯಾಸ ಒಳ್ಳೆಯದು. ಒಂದೂವರೆ ಮೀಟರ್ ಹುರಿಗೆ ಸುಮಾರು 20 ಮೀಟರ್ ದಾರ ಬೇಕು, ಒಂದು ಹೂವಿಗೋ ಸ್ನೋಫ್ಲೇಕಿಗೋ 3 ಮೀಟರ್, ಒಂದು ಎಲೆಗೆ 2 ಮೀಟರ್. ಅಂದರೆ ಒಂದು ಉಂಡೆಯಲ್ಲಿ ಹುರಿಯೂ ಹನ್ನೆರಡು ತುಂಡುಗಳೂ ಮುಗಿದು ಇನ್ನೂ ಉಳಿಯುತ್ತದೆ. ನಾಲ್ಕು ಬಣ್ಣ ಬೇಕೆಂದರೆ ಉಳಿಕೆ ದಾರಗಳನ್ನು ಬಳಸಬಹುದು. ದಪ್ಪ ಒಂದೇ ಇರಲಿ, ಅಷ್ಟೇ.

ಇನ್ನುಳಿದವು: ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, ಅಳತೆ ಟೇಪು, ಕತ್ತರಿ, ತುಕ್ಕು ಹಿಡಿಯದ ಗುಂಡುಪಿನ್ನುಗಳು, 12 ಮಿ.ಮೀ. ಚಪ್ಪಟೆ ಗುಂಡಿಗಳು ಹನ್ನೆರಡು. ಕೆಂಪು, ಕಡುನೀಲಿ, ಕಡುಹಸಿರು ದಾರವಾದರೆ ಮೊದಲೇ ಒಂದು ಗೇಣು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಡುವ ದಾರವನ್ನು ಬಿಳಿಯ ಜೊತೆ ಸೇರಿಸಬೇಡಿ. ಹೆಣೆದು ಮುಗಿಸಿ ಗಂಜಿ ಹಾಕುವಾಗ ಗೊತ್ತಾದರೆ ಆಗ ಮಾಡುವುದೇನೂ ಇರುವುದಿಲ್ಲ.

ಹೆಸರು ಒಂದೇ, ಸ್ಟಿಚ್ ಬೇರೆ

ಬೇರೆ ಕಡೆಯಿಂದ ಮಾದರಿ ತೆಗೆದುಕೊಂಡು ಈ ಹುರಿಗೆ ಸಿಕ್ಕಿಸುವವರು ಒಂದು ವಿಷಯ ತಿಳಿದಿರಬೇಕು. ಅಮೆರಿಕನ್ ಮತ್ತು ಬ್ರಿಟಿಷ್ ಮಾದರಿಗಳಲ್ಲಿ ಒಂದೇ ಹೆಸರು ಬೇರೆ ಬೇರೆ ಸ್ಟಿಚ್‌ಗೆ ಇದೆ. ಅಮೆರಿಕನ್ ಸಿಂಗಲ್ ಕ್ರೋಶಾ ಬ್ರಿಟಿಷರಿಗೆ ಡಬಲ್ ಕ್ರೋಶಾ, ಅಮೆರಿಕನ್ ಡಬಲ್ ಬ್ರಿಟಿಷರಿಗೆ ಟ್ರೆಬಲ್. ಮಾದರಿಯಲ್ಲಿ ಎಲ್ಲಾದರೂ ‘ಸಿಂಗಲ್ ಕ್ರೋಶಾ’ ಎಂಬ ಮಾತು ಕಂಡರೆ ಅದು ಅಮೆರಿಕನ್ ಎಂದು ಖಾತ್ರಿ, ಬ್ರಿಟಿಷ್ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ತಪ್ಪಿ ಓದಿದರೆ ತುಂಡೇ ಹೇಳಿಬಿಡುತ್ತದೆ. ಬ್ರಿಟಿಷ್ ಡಬಲ್‌ನ ಗಿಡ್ಡ ಸ್ಟಿಚ್ ಇರಬೇಕಾದಲ್ಲಿ ಅಮೆರಿಕನ್ ಡಬಲ್‌ನ ಉದ್ದ ಸ್ಟಿಚ್ ಹಾಕಿದರೆ ವೃತ್ತ ಬಟ್ಟಲಿನ ಆಕಾರಕ್ಕೆ ಮಡಿಯುತ್ತದೆ. ಅದರ ಉಲ್ಟಾ ಮಾಡಿದರೆ ಅಂಚು ನೆರಿಗೆಗಟ್ಟುತ್ತದೆ. ಇದರ ಕಾರಣ ಮುಂದೆ ಕೋಸ್ಟರ್ ಭಾಗದಲ್ಲಿದೆ. ಈ ಬರಹದಲ್ಲಿ ಎಲ್ಲ ಕಡೆ ಅಮೆರಿಕನ್ ಹೆಸರುಗಳೇ.

ಹುರಿ: ಇಡೀ ತೋರಣದ ಜೀವಾಳ

ಬರೀ ಚೈನ್ ಹೆಣೆದು ಅದನ್ನೇ ಹುರಿ ಮಾಡಿದರೆ ನೋಡಲು ಚೆಂದ, ತೂಗುಹಾಕಿದರೆ ಜೋಲುತ್ತದೆ. ಎಷ್ಟು ಜೋಲುತ್ತದೆ ಎನ್ನುವುದು ಹೆಚ್ಚಿನವರ ಊಹೆಗೆ ಮೀರಿದ್ದು. ಒಂದು ಮೀಟರ್ ಅಂತರದ ಎರಡು ಮೊಳೆಗಳ ನಡುವೆ ಕಟ್ಟಿದ ಹುರಿ ಬರೀ 3 ಸೆಂ.ಮೀ. ಹಿಗ್ಗಿದರೂ ನಡುಭಾಗ ಹತ್ತು ಸೆಂ.ಮೀ.ಗಿಂತ ಹೆಚ್ಚು ಕೆಳಗಿಳಿಯುತ್ತದೆ. 6 ಸೆಂ.ಮೀ. ಹಿಗ್ಗಿದರೆ 15 ಸೆಂ.ಮೀ. ಇಳಿತ. ಆದ್ದರಿಂದ ಚೈನಿನ ಎರಡೂ ಬದಿಗೆ ಸ್ಟಿಚ್ ಹಾಕಿ ಹುರಿಯನ್ನು ಬಿಗಿಗೊಳಿಸುವುದು ಇಲ್ಲಿ ಅಲಂಕಾರಕ್ಕಲ್ಲ.

ಮೊದಲು ಅಳತೆ. 4 ಮಿ.ಮೀ. ಕಡ್ಡಿಯಲ್ಲಿ 20 ಚೈನ್ ಹಾಕಿ ಮಟ್ಟಸವಾಗಿಟ್ಟು ಅಳೆಯಿರಿ, ಎಳೆಯಬೇಡಿ. ಸುಮಾರು 10 ಸೆಂ.ಮೀ. ಬರಬೇಕು. 9 ಬಂದರೆ ನಿಮ್ಮ ಕೈ ಬಿಗಿ, 11 ಬಂದರೆ ಸಡಿಲ. ಎರಡರಲ್ಲೂ ಕೆಲಸ ನಡೆಯುತ್ತದೆ, ಒಟ್ಟು ಉದ್ದ ಮಾತ್ರ ಬದಲಾಗುತ್ತದೆ.

4 ಮಿ.ಮೀ. ಕಡ್ಡಿಯಲ್ಲೇ 12 ಚೈನ್ ಹಾಕಿ, ಮೊದಲ ಚೈನಿಗೆ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ. ಇದು ಮೊಳೆಗೆ ಸಿಕ್ಕಿಸುವ ಬಳೆ. ಅಲ್ಲಿಂದ 300 ಚೈನ್. ಪ್ರತಿ ಐವತ್ತಕ್ಕೆ ಒಂದು ಬೇರೆ ಬಣ್ಣದ ದಾರದ ತುಂಡನ್ನು ಕಟ್ಟಿಕೊಂಡು ಹೋಗಿ, ಇಲ್ಲವಾದರೆ ಇನ್ನೂರರ ಆಚೆ ಎಣಿಕೆ ತಪ್ಪುವುದು ಖಂಡಿತ. ಮುನ್ನೂರಾದ ಮೇಲೆ ಮತ್ತೆ 12 ಚೈನ್ ಹಾಕಿ, ಕಡ್ಡಿಯಿಂದ ಹನ್ನೆರಡನೆಯ ಚೈನಿಗೆ ಸ್ಲಿಪ್ ಸ್ಟಿಚ್. ಎರಡನೆಯ ಬಳೆ ಸಿದ್ಧ.

ಈಗ 3.5 ಮಿ.ಮೀ. ಕಡ್ಡಿಗೆ ಬದಲಿಸಿ, ಬಂದ ದಾರಿಯಲ್ಲೇ ಹಿಂದಿರುಗಿ. ಚೈನನ್ನು ತಿರುಗಿಸಿ ನೋಡಿದರೆ ಪ್ರತಿ ಚೈನಿನ ಬೆನ್ನಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತದೆ. ಕಡ್ಡಿಯನ್ನು ಆ ಉಬ್ಬಿನೊಳಗೆ ಹಾಕಿ ಸಿಂಗಲ್ ಕ್ರೋಶಾ ಮಾಡಿ. ಮೊದಲ ಕೆಲವು ಸ್ಟಿಚ್ ಕಿರಿಕಿರಿ ಎನಿಸುತ್ತದೆ, ಆದರೆ ಎದುರಿನ ಜಡೆಯಂಥ ಎರಡೂ ಎಳೆಗಳು ಇನ್ನೊಂದು ಬದಿಗೆ ಪೂರ್ತಿ ಉಳಿಯುತ್ತವೆ. ಕುಣಿಕೆಗಳ ಕ್ರಮ ಹೀಗೆ:

18 ಸಿಂಗಲ್ ಕ್ರೋಶಾ. ನಂತರ 6 ಚೈನ್ ಹಾಕಿ, ಈಗಷ್ಟೇ ಮಾಡಿದ ಹದಿನೆಂಟನೆಯ ಸ್ಟಿಚ್‌ನ ತಲೆಗೇ ಸ್ಲಿಪ್ ಸ್ಟಿಚ್. ಒಂದು ಕುಣಿಕೆ ಆಯಿತು. ಮುಂದೆ 24 ಸಿಂಗಲ್ ಕ್ರೋಶಾ, ಒಂದು ಕುಣಿಕೆ, ಹೀಗೆ ಒಟ್ಟು ಹನ್ನೆರಡು ಕುಣಿಕೆ ಆಗುವವರೆಗೆ. ಕೊನೆಯಲ್ಲಿ 18 ಸಿಂಗಲ್ ಕ್ರೋಶಾ ಉಳಿಯುತ್ತದೆ. 18, ಹನ್ನೊಂದು ಬಾರಿ 24, ಮತ್ತೆ 18, ಕೂಡಿದರೆ 300. ಕೊನೆಗೆ ಒಂದೆರಡು ಸ್ಟಿಚ್ ಹೆಚ್ಚು ಕಡಿಮೆ ಬಂದರೆ ಬಿಚ್ಚಲು ಹೋಗಬೇಡಿ. ಕೊನೆಯ ಹದಿನೆಂಟು ಹದಿನಾರಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕುಣಿಕೆಗಳ ನಡುವಿನ 24 ತಪ್ಪಿದರೆ ಮಾತ್ರ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಹುರಿ ತಿರುಚಿಕೊಳ್ಳುತ್ತದೆ. ಒಂದೇ ಬದಿಗೆ ಸ್ಟಿಚ್ ಬಿದ್ದಾಗ ಆ ಬದಿಯ ಎಳೆತ ಹೆಚ್ಚಾಗುವುದೇ ಕಾರಣ. ಹಾಗಾಗಿ ಮೊದಲ ಬಳೆಗೆ ಒಂದು ಸ್ಲಿಪ್ ಸ್ಟಿಚ್ ಹಾಕಿ ಸುತ್ತಿ ಬಂದು, ಮತ್ತೆ 4 ಮಿ.ಮೀ. ಕಡ್ಡಿ ಹಿಡಿದು, ಉಳಿದ ಜಡೆಯ ಉದ್ದಕ್ಕೂ ಸ್ಲಿಪ್ ಸ್ಟಿಚ್ ಮಾಡಿ. ಸ್ಲಿಪ್ ಸ್ಟಿಚ್ ಸ್ವಭಾವತಃ ಬಿಗಿ. ಸಣ್ಣ ಕಡ್ಡಿಯಲ್ಲಿ ಮಾಡಿದರೆ ಇಡೀ ಹುರಿ ಸುಕ್ಕುಗಟ್ಟಿ 10 ಸೆಂ.ಮೀ. ಕಳೆದುಕೊಂಡೀತು. ಇಪ್ಪತ್ತು ಸ್ಟಿಚ್‌ಗೊಮ್ಮೆ ಹುರಿಯನ್ನು ಮೇಜಿನ ಮೇಲೆ ಚಾಚಿ ನೋಡಿ. ಬಿಲ್ಲಿನ ಹಾಗೆ ಬಾಗುತ್ತಿದ್ದರೆ ಕೈ ಸಡಿಲಿಸಿ. ಎರಡನೆಯ ಬಳೆ ಮುಟ್ಟಿದ ಮೇಲೆ ದಾರ ಕತ್ತರಿಸಿ ತುದಿ ಮುಚ್ಚಿ.

ಮುಗಿದ ಹುರಿಯನ್ನು ಒಂದು ಇಡೀ ದಿನ ಖಾಲಿಯಾಗಿಯೇ ತೂಗುಹಾಕಿ. ಇರುವ ಅಲ್ಪ ಹಿಗ್ಗು ಅಷ್ಟರಲ್ಲಿ ಇಳಿದುಬಿಡುತ್ತದೆ, ಮೊಳೆಗಳ ಅಂತರವನ್ನು ಆಮೇಲೆ ನಿರ್ಧರಿಸಿ.

ಹೂವು

ಐದು ಎಸಳು, ಅಗಲ ಸುಮಾರು 5 ಸೆಂ.ಮೀ., ಎರಡೇ ಸುತ್ತು. 3.5 ಮಿ.ಮೀ. ಕಡ್ಡಿ.

ಮೊದಲ ಸುತ್ತು ನಡುವಿನ ಬಣ್ಣದಲ್ಲಿ. ಮ್ಯಾಜಿಕ್ ರಿಂಗ್ (ತುದಿ ಎಳೆದರೆ ಬಿಗಿದು ಮುಚ್ಚುವ ದಾರದ ಉಂಗುರ) ಮಾಡಿ, 1 ಚೈನ್, ರಿಂಗಿನೊಳಗೆ 10 ಸಿಂಗಲ್ ಕ್ರೋಶಾ. ದಾರದ ತುದಿ ಎಳೆದು ರಿಂಗ್ ಮುಚ್ಚಿ, ಮೊದಲ ಸಿಂಗಲ್ ಕ್ರೋಶಾಕ್ಕೆ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿ, ದಾರ ಕತ್ತರಿಸಿ. ಎಣಿಸಿ ನೋಡಿ, ಹತ್ತೇ ಇರಬೇಕು. ಸೇರಿಸಿದ ಸ್ಲಿಪ್ ಸ್ಟಿಚ್ ಕೂಡ ಸ್ಟಿಚ್‌ನಂತೆಯೇ ಕಾಣುವುದರಿಂದ ಅದನ್ನು ಸೇರಿಸಿ ಹನ್ನೊಂದು ಎಣಿಸುವುದು ಮಾಮೂಲು ತಪ್ಪು.

ಎರಡನೆಯ ಸುತ್ತು ಎಸಳಿನ ಬಣ್ಣದಲ್ಲಿ. ಪ್ರತಿ ಎಸಳಿಗೆ ಎರಡು ಸ್ಟಿಚ್‌ನ ಜಾಗ. ಮೊದಲ ಸ್ಟಿಚ್‌ಗೆ ಸ್ಲಿಪ್ ಸ್ಟಿಚ್‌ನಿಂದ ಹೊಸ ದಾರ ಸೇರಿಸಿ, 2 ಚೈನ್, ಅದೇ ಸ್ಟಿಚ್‌ನಲ್ಲಿ 2 ಡಬಲ್ ಕ್ರೋಶಾ. ಪಕ್ಕದ ಸ್ಟಿಚ್‌ನಲ್ಲಿ 2 ಡಬಲ್ ಕ್ರೋಶಾ, 2 ಚೈನ್, ಅದೇ ಸ್ಟಿಚ್‌ಗೆ ಸ್ಲಿಪ್ ಸ್ಟಿಚ್. ಒಂದು ಎಸಳು ಮುಗಿಯಿತು. ಮುಂದಿನ ಸ್ಟಿಚ್‌ಗೆ ಸ್ಲಿಪ್ ಸ್ಟಿಚ್ ಮಾಡಿ ಇದನ್ನೇ ಇನ್ನೂ ನಾಲ್ಕು ಸಲ.

ಎಸಳು ಮುಂದಕ್ಕೆ ಮುದುಡಿಕೊಂಡರೆ ಆ ಎರಡು ಚೈನ್‌ಗಳು ಬಿಗಿಯಾಗಿವೆ ಎಂದರ್ಥ. ಎರಡರ ಬದಲು ಮೂರು ಚೈನ್ ಹಾಕಿ ನೋಡಿ, ಅಂಚು ಬಿಚ್ಚಿಕೊಳ್ಳುತ್ತದೆ. ಎಸಳುಗಳ ನಡುವಿನ ಸಂದು ಕಾಣದೆ ಹೂವು ಬಿಲ್ಲೆಯಂತೆ ತೋರಿದರೆ, ಎಸಳು ಮುಗಿಸುವ ಸ್ಲಿಪ್ ಸ್ಟಿಚ್ ಸಡಿಲ. ಅಲ್ಲಿ ಮಾತ್ರ ದಾರವನ್ನು ಚುರುಕಾಗಿ ಎಳೆಯಿರಿ.

ಕೆಲವು ವಾರಗಳಾದ ಮೇಲೆ ಹೂವಿನ ನಡುವೆ ತೂತು ಬೀಳುವುದೂ ಇದೆ. ಮ್ಯಾಜಿಕ್ ರಿಂಗನ್ನು ಹಿಡಿದಿಡುವುದು ಆ ಒಂದು ದಾರದ ತುದಿ ಮಾತ್ರ. ಅದನ್ನು ಎಳೆದು ಹಾಗೆಯೇ ಕತ್ತರಿಸಿದರೆ ನಿಧಾನವಾಗಿ ಜಾರಿ ಬಿಚ್ಚುತ್ತದೆ, ಹೊಳಪಿನ ಕಾಟನ್‌ನಲ್ಲಂತೂ ಬೇಗ. ತುದಿ 15 ಸೆಂ.ಮೀ. ಬಿಡಿ. ಸೂಜಿಗೆ ಪೋಣಿಸಿ ರಿಂಗಿನ ಬುಡದ ಎಳೆಗಳ ಕೆಳಗೆ ಒಂದು ಪೂರ್ತಿ ಸುತ್ತು ಹೋಗಿ, ಒಂದು ಎಳೆ ದಾಟಿ ದಿಕ್ಕು ಬದಲಿಸಿ, ಹಿಂದಿರುಗಿ ಅರ್ಧ ಸುತ್ತು ಬನ್ನಿ. ದಿಕ್ಕು ಬದಲಿಸುವುದೇ ಮುಖ್ಯ. ಒಂದೇ ದಿಕ್ಕಿನಲ್ಲಿ ಹೋದ ದಾರ ಎಷ್ಟು ಉದ್ದ ಇದ್ದರೂ ಹೋದ ಹಾಗೆಯೇ ಹೊರಬರುತ್ತದೆ. ಗಂಟು ಹಾಕಿದರೆ ಮುಗಿಯಿತಲ್ಲ ಎನಿಸಬಹುದು. ಕಾಟನ್ ಗಂಟು ಎದುರಿಗೆ ಉಬ್ಬಿ ಕಾಣುತ್ತದೆ, ಒಗೆದಾಗ ಬಿಚ್ಚುವುದೂ ಉಂಟು.

ಎಲೆ

10 ಚೈನ್. ಕಡ್ಡಿಯಿಂದ ಎರಡನೆಯ ಚೈನಿನಲ್ಲಿ ಆರಂಭಿಸಿ: 1 ಸಿಂಗಲ್, 1 ಹಾಫ್ ಡಬಲ್, 5 ಡಬಲ್, 1 ಹಾಫ್ ಡಬಲ್, 1 ಸಿಂಗಲ್. ಒಟ್ಟು ಒಂಬತ್ತು. ಈಗ 2 ಚೈನ್ ಹಾಕಿ. ಇದು ಎಲೆಯ ಚೂಪು ತುದಿ. ತುಂಡನ್ನು ತಿರುಗಿಸಿ, ಕೊನೆಯ ಸಿಂಗಲ್ ಬಿದ್ದ ಚೈನಿನ ಇನ್ನೊಂದು ಬದಿಯಿಂದಲೇ ಶುರುಮಾಡಿ ಅದೇ ಕ್ರಮ: 1 ಸಿಂಗಲ್, 1 ಹಾಫ್ ಡಬಲ್, 5 ಡಬಲ್, 1 ಹಾಫ್ ಡಬಲ್, 1 ಸಿಂಗಲ್. ಮೊದಲ ಸಿಂಗಲ್‌ಗೆ ಸ್ಲಿಪ್ ಸ್ಟಿಚ್. ತೊಟ್ಟಿಗೆ 6 ಚೈನ್ ಹಾಕಿ, ಅದರ ಮೇಲೆ ಸ್ಲಿಪ್ ಸ್ಟಿಚ್ ಮಾಡುತ್ತ ಹಿಂದಿರುಗಿ ಮುಗಿಸಿ.

ಎಲೆ ದೋಣಿಯಂತೆ ಮಡಿದುಕೊಂಡರೆ ಮೊದಲ 10 ಚೈನ್ ಬಿಗಿಯಾದವು ಎಂದು ತಿಳಿಯಿರಿ. ಡಬಲ್ ಕ್ರೋಶಾಗಳು ಹರಡಿಕೊಳ್ಳಲು ನೋಡುತ್ತವೆ, ನಡುವಿನ ಗೆರೆ ಬಿಡುವುದಿಲ್ಲ. ಚೈನನ್ನು ಮಾತ್ರ 4 ಮಿ.ಮೀ. ಕಡ್ಡಿಯಲ್ಲಿ ಹಾಕಿ. ದೊಡ್ಡ ಎಲೆ ಬೇಕೆಂದರೆ ಆರಂಭದ ಚೈನ್ ಹೆಚ್ಚಿಸಿ, ಹೆಚ್ಚಿಸಿದಷ್ಟನ್ನೂ ನಡುವಿನ ಡಬಲ್‌ಗೆ ಸೇರಿಸಿ. ವಸಂತಕ್ಕೆ ತಿಳಿಹಸಿರು, ಎಲೆ ಉದುರುವ ಕಾಲಕ್ಕೆ ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಕಂದು. ಒಂದೇ ಸೆಟ್ಟಿನಲ್ಲಿ ಮೂರು ಛಾಯೆ ಬೆರೆಸಿದರೆ ಹನ್ನೆರಡೂ ಒಂದೇ ಬಣ್ಣ ಇರುವುದಕ್ಕಿಂತ ಎಷ್ಟೋ ಚೆನ್ನ.

ಸ್ನೋಫ್ಲೇಕ್ ಮತ್ತು ಗಂಜಿ

ಚಳಿಗಾಲದ ಸೆಟ್ಟಿಗೆ ಬಿಳಿ ಹೊಳಪಿನ ಕಾಟನ್.

ಮೊದಲ ಸುತ್ತು: ಮ್ಯಾಜಿಕ್ ರಿಂಗ್, 3 ಚೈನ್ (ಇದೇ ಮೊದಲ ಡಬಲ್ ಎಂದು ಲೆಕ್ಕ), 11 ಡಬಲ್ ಕ್ರೋಶಾ, ಮೂರನೆಯ ಚೈನಿನ ತಲೆಗೆ ಸ್ಲಿಪ್ ಸ್ಟಿಚ್. ಒಟ್ಟು 12.

ಎರಡನೆಯ ಸುತ್ತು: 1 ಚೈನ್, ಅದೇ ಸ್ಟಿಚ್‌ನಲ್ಲಿ 1 ಸಿಂಗಲ್, 3 ಚೈನ್, ಒಂದು ಸ್ಟಿಚ್ ಬಿಟ್ಟು ಮುಂದಿನದರಲ್ಲಿ 1 ಸಿಂಗಲ್, 3 ಚೈನ್, ಹೀಗೆ ಸುತ್ತಲೂ. ಆರು ಕಮಾನು ಬರಬೇಕು. ಮೊದಲ ಸಿಂಗಲ್‌ಗೆ ಸೇರಿಸಿ.

ಮೂರನೆಯ ಸುತ್ತು: ಸ್ಲಿಪ್ ಸ್ಟಿಚ್‌ನಿಂದ ಮೊದಲ ಕಮಾನಿನೊಳಗೆ ಬನ್ನಿ. ಪ್ರತಿ ಕಮಾನಿನೊಳಗೂ 1 ಸಿಂಗಲ್, 1 ಹಾಫ್ ಡಬಲ್, 1 ಡಬಲ್, ನಂತರ 3 ಚೈನ್ ಹಾಕಿ ಆ ಮೂರರಲ್ಲಿ ಮೊದಲನೆಯದಕ್ಕೆ ಸ್ಲಿಪ್ ಸ್ಟಿಚ್, ಮತ್ತೆ 1 ಡಬಲ್, 1 ಹಾಫ್ ಡಬಲ್, 1 ಸಿಂಗಲ್. ಆರು ಮೊನೆ ಮುಗಿದ ಮೇಲೆ ಸೇರಿಸಿ ಕತ್ತರಿಸಿ.

ಕಡ್ಡಿಯಿಂದ ಇಳಿದ ಸ್ನೋಫ್ಲೇಕ್ ನೋಡಿ ನಿರಾಶರಾಗಬೇಡಿ. ಅದು ಈಗ ಮುದ್ದೆಯಂತಿರುತ್ತದೆ, ಮೊನೆಗಳು ಅಡ್ಡಾದಿಡ್ಡಿ ತಿರುಗಿರುತ್ತವೆ. ಅದಕ್ಕೆ ಆಕಾರ ಬರುವುದು ಪಿನ್ನು ಮತ್ತು ಗಂಜಿಯಿಂದ. ಹೂವು ಎಲೆಗಳನ್ನು ಒದ್ದೆ ಮಾಡಿ ಒತ್ತಿಟ್ಟರೂ ಸಾಕು, ಸ್ನೋಫ್ಲೇಕಿಗೆ ಗಂಜಿ ಇಲ್ಲದೆ ಆಗದು.

ಮೊದಲು ಅಚ್ಚು. ಒಂದು ಹಾಳೆಯಲ್ಲಿ ಕೈವಾರದಿಂದ 3.5 ಸೆಂ.ಮೀ. ತ್ರಿಜ್ಯದ ವೃತ್ತ ಬರೆಯಿರಿ. ಕೈವಾರದ ಅಗಲ ಬದಲಿಸದೆ, ವೃತ್ತದ ಅಂಚಿನ ಒಂದು ಬಿಂದುವಿನಿಂದ ಮುಂದಕ್ಕೆ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತಾಗಿ ಹೊರಟಲ್ಲಿಗೇ ಬರುತ್ತೀರಿ. ಎದುರು ಬದುರಿನ ಗುರುತುಗಳನ್ನು ಗೆರೆ ಎಳೆದು ಸೇರಿಸಿ. ಹಾಳೆಯನ್ನು ಥರ್ಮಾಕೋಲ್ ಅಥವಾ ದಪ್ಪ ರಟ್ಟಿನ ಮೇಲಿಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ. ಪ್ಲಾಸ್ಟಿಕ್ ಇಲ್ಲದಿದ್ದರೆ ಪೆನ್ಸಿಲ್ ಮಸಿ ಒದ್ದೆ ಬಿಳಿ ದಾರಕ್ಕೆ ಹತ್ತುತ್ತದೆ, ಒಣಗಿದ ತುಂಡು ಕಾಗದಕ್ಕೇ ಅಂಟಿಕೊಳ್ಳುತ್ತದೆ.

ಗಂಜಿಗೆ ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು 120 ಮಿ.ಲೀ. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಬಿಸಿನೀರಿಗೆ ನೇರವಾಗಿ ಹಾಕಿದರೆ ಹೊರಗಿನ ಹಿಟ್ಟು ಬೆಂದು ಒಳಗೆ ಹಸಿ ಗಂಟು ಉಳಿಯುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಬಿಸಿ ಮಾಡಿ. ಹಾಲಿನಂತಿದ್ದದ್ದು ಮಬ್ಬು ಗಾಜಿನಂತಾಗಿ ಮಂದವಾದಾಗ ಇಳಿಸಿ. ಕೈ ತಡೆಯುವಷ್ಟು ಆರಿದ ಮೇಲೆ, ಮೊದಲೇ ನೀರಲ್ಲಿ ನೆನೆಸಿ ಹಿಂಡಿಟ್ಟ ತುಂಡುಗಳನ್ನು ಅದರಲ್ಲಿ ಅದ್ದಿ, ಬೆರಳಿನಿಂದ ಹಿಚುಕಿ ಒಳಗಿಳಿಸಿ. ಹೆಚ್ಚಾದದ್ದನ್ನು ಟವೆಲಿನಲ್ಲಿ ಒತ್ತಿ ತೆಗೆಯಿರಿ. ಇದನ್ನು ಬಿಟ್ಟರೆ ಸ್ಟಿಚ್‌ಗಳ ಸಂದಿನಲ್ಲಿ ಬಿಳಿ ಪೊರೆ ಕಟ್ಟಿ ಒಣಗುತ್ತದೆ, ಕಡು ಬಣ್ಣದ ದಾರದಲ್ಲಿ ಪುಡಿ ಉದುರಿದಂತೆ ಕಾಣುತ್ತದೆ.

ಪಿನ್ನು ಚುಚ್ಚುವುದು ನಡುವಿನಿಂದ. ಮಧ್ಯಕ್ಕೊಂದು, ಆಮೇಲೆ ಎದುರು ಬದುರಿನ ಮೊನೆಗಳಿಗೆ ಜೋಡಿ ಜೋಡಿಯಾಗಿ. ಒಂದರ ಪಕ್ಕ ಒಂದು ಎಂದು ಸುತ್ತುತ್ತ ಹೋದರೆ ಕೊನೆಯ ಮೊನೆಗೆ ಜಾಗ ಸಾಲದೆ ಆಕಾರ ಓರೆಯಾಗುತ್ತದೆ. ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಮೇಲೆ ಒಣಗಿದರೂ ಕೆಳಗೆ ಹಸಿ ಇರುತ್ತದೆ, ಅವಸರದಿಂದ ಕಿತ್ತರೆ ಮೊನೆ ಬಾಗಿ ಹಾಗೆಯೇ ನಿಲ್ಲುತ್ತದೆ.

ಬಿಳಿ ಅಂಟನ್ನು ಸಮ ನೀರಿನಲ್ಲಿ ಬೆರೆಸಿ ಗಂಜಿಯ ಬದಲು ಬಳಸಬಹುದು. ಇನ್ನೂ ಗಟ್ಟಿ ನಿಲ್ಲುತ್ತದೆ, ಆದರೆ ಒಗೆದು ಪೂರ್ತಿ ತೆಗೆಯಲಾಗದು, ಬಿಳಿ ದಾರ ಕಾಲಕ್ರಮೇಣ ಹಳದಿಗೆ ತಿರುಗುವ ಸಾಧ್ಯತೆಯೂ ಇದೆ. ಸಕ್ಕರೆ ಪಾಕದ ಹಳೆಯ ವಿಧಾನ ಬೇಡ. ತೇವದ ಹವೆಯಲ್ಲಿ ಅಂಟಂಟಾಗಿ ಇರುವೆ ಮುತ್ತುತ್ತದೆ.

ಅಕ್ರಿಲಿಕ್ ದಾರದಲ್ಲಿ ಹೆಣೆದಿದ್ದರೆ ಇಸ್ತ್ರಿಪೆಟ್ಟಿಗೆಯನ್ನು ಮುಟ್ಟಿಸಲೇಬೇಡಿ. ಎರಡು ಮೂರು ಸೆಂ.ಮೀ. ಮೇಲಿನಿಂದ ಹಬೆ ಮಾತ್ರ. ಬಿಸಿ ಹೆಚ್ಚಾದರೆ ಎಳೆಯ ಚೈತನ್ಯವೇ ಹೋಗಿ ತುಂಡು ಜೋತುಬೀಳುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ.

ಗುಂಡಿ ಎಲ್ಲಿ ಹೊಲಿಯಬೇಕು

ಹೂವಿನ ಬೆನ್ನಿನ ನಟ್ಟನಡುವೆ ಅಲ್ಲ. ನಡುವೆ ಹೊಲಿದರೆ ಹೂವು ಎರಡೂ ಕಡೆ ಸಮತೂಕವಾಗಿ ಕುಣಿಕೆಯಲ್ಲಿ ಗಿರಗಿರ ತಿರುಗುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಮೇಲಿನ ಮೂರನೇ ಒಂದು ಭಾಗದಲ್ಲಿ ಹೊಲಿಯಿರಿ. ಆಗ ತೂಕ ಕೆಳಗಿದ್ದು ಮುಖ ನೇರ ನಿಲ್ಲುತ್ತದೆ. ಸ್ನೋಫ್ಲೇಕಿಗೆ ಮೊದಲ ಸುತ್ತಿನ ಮೇಲಂಚು ಸರಿಯಾದ ಜಾಗ, ಎಲೆಗೆ ತೊಟ್ಟಿನ ಬುಡ. ಗಂಜಿ ಹಾಕಿ ಒಣಗಿದ ಮೇಲೆ ಹೊಲಿಯಿರಿ, ಮೊದಲೇ ಹೊಲಿದರೆ ಪಿನ್ನು ಮಾಡುವಾಗ ತುಂಡು ಚಪ್ಪಟೆ ಕೂರುವುದಿಲ್ಲ.

ಗುಂಡಿ ಮತ್ತು ತುಂಡಿನ ನಡುವೆ ಕುಣಿಕೆ ಕೂರಲು ಜಾಗ ಬೇಕು. ಹೊಲಿಯುವಾಗ ಗುಂಡಿಯ ಕೆಳಗೆ ಒಂದು ಬೆಂಕಿಕಡ್ಡಿ ಇಟ್ಟು ಹೊಲಿದು, ಆಮೇಲೆ ಕಡ್ಡಿ ತೆಗೆದು, ಸಡಿಲಾದ ದಾರದ ಬುಡಕ್ಕೆ ಮೂರು ನಾಲ್ಕು ಸುತ್ತು ಸುತ್ತಿ ಬಿಗಿಯಿರಿ. 6 ಚೈನಿನ ಕುಣಿಕೆಗೆ 12 ಮಿ.ಮೀ. ಗುಂಡಿ ತುಸು ಬಿಗಿಯಾಗಿ ಹೋಗಬೇಕು. ಸಲೀಸಾಗಿ ಜಾರಿದರೆ ಗಾಳಿಗೆ ಉದುರುತ್ತದೆ. ಹುರಿ ಹೆಣೆಯುವಾಗ ಮೊದಲ ಕುಣಿಕೆಯಲ್ಲೇ ಗುಂಡಿ ಹಾಕಿ ನೋಡಿ ಚೈನ್ 5, 6 ಅಥವಾ 7 ಎಂದು ನಿರ್ಧರಿಸಿಕೊಳ್ಳಿ. ಮೂರು ವರ್ಷದೊಳಗಿನ ಮಕ್ಕಳು ಇರುವ ಕಡೆ ಕೈಗೆಟುಕುವ ಎತ್ತರದಲ್ಲಿ ಇದನ್ನು ಕಟ್ಟಬೇಡಿ, ಗುಂಡಿ ಬಾಯಿಗೆ ಹೋಗುವ ಗಾತ್ರದ್ದು. ದೀಪ, ಮೇಣದಬತ್ತಿಗಳ ಹತ್ತಿರವೂ ಬೇಡ.

ಅದೇ ಬಣ್ಣದ ಕೋಸ್ಟರ್, ಮತ್ತು ವೃತ್ತದ ಲೆಕ್ಕ

ತೋರಣದ ಬಣ್ಣಕ್ಕೆ ಹೊಂದುವ ಕೋಸ್ಟರ್‌ಗಳಿಗೆ ಒಂದೊಂದಕ್ಕೆ 9 ಮೀಟರ್ ಸಾದಾ ಕಾಟನ್ ಬೇಕು. ಬಿಸಿ ಪಾತ್ರೆ ಇಡುವ ಯಾವ ವಸ್ತುವಿಗೂ ಅಕ್ರಿಲಿಕ್ ಬಳಸಬೇಡಿ, ಕರಗುತ್ತದೆ.

ಮ್ಯಾಜಿಕ್ ರಿಂಗಿನಲ್ಲಿ 3 ಚೈನ್ ಸೇರಿಸಿ 12 ಡಬಲ್ ಕ್ರೋಶಾ. ಎರಡನೆಯ ಸುತ್ತಿನಲ್ಲಿ ಪ್ರತಿ ಸ್ಟಿಚ್‌ಗೂ ಎರಡು, ಒಟ್ಟು 24. ಮೂರನೆಯದರಲ್ಲಿ ಒಂದರಲ್ಲಿ ಎರಡು, ಮುಂದಿನದರಲ್ಲಿ ಒಂದು, ಒಟ್ಟು 36. ನಾಲ್ಕನೆಯದರಲ್ಲಿ ಒಂದರಲ್ಲಿ ಎರಡು, ಮುಂದಿನ ಎರಡರಲ್ಲಿ ಒಂದೊಂದು, ಒಟ್ಟು 48. ಕೊನೆಗೆ ಸಿಂಗಲ್ ಕ್ರೋಶಾದ ಒಂದು ಸುತ್ತು, ಪ್ರತಿ ಎಂಟನೆಯ ಸ್ಟಿಚ್‌ನಲ್ಲಿ ಎರಡು, ಒಟ್ಟು 54. ಅಗಲ ಸುಮಾರು 10 ಸೆಂ.ಮೀ.

ಡಬಲ್‌ಗೆ ಸುತ್ತಿಗೆ 12 ಹೆಚ್ಚಿಸಿ, ಸಿಂಗಲ್‌ಗೆ 6 ಮಾತ್ರ ಏಕೆ? ವೃತ್ತದ ತ್ರಿಜ್ಯ ಒಂದು ಸಾಲಿನಷ್ಟು ಬೆಳೆದಾಗ ಸುತ್ತಳತೆ ಆ ಸಾಲಿನ ಎತ್ತರದ 6.28 ಪಟ್ಟು ಬೆಳೆಯುತ್ತದೆ. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಆರು ಸ್ಟಿಚ್ ಸೇರಿಸಿದರೆ ಸರಿಹೋಗುತ್ತದೆ. ಡಬಲ್ ಕ್ರೋಶಾ ಅದರ ಸುಮಾರು ಎರಡು ಪಟ್ಟು ಎತ್ತರ, ಹಾಗಾಗಿ ಹನ್ನೆರಡು. ಹೆಚ್ಚಳ ಕಡಿಮೆಯಾದರೆ ಅಂಚು ಸಾಲದೆ ಬಟ್ಟಲಾಗುತ್ತದೆ, ಹೆಚ್ಚಾದರೆ ಅಂಚಿಗೆ ಜಾಗವಿಲ್ಲದೆ ನೆರಿಗೆಯಾಗುತ್ತದೆ. ಎಣಿಕೆ ಸರಿಯಿದ್ದೂ ಬಟ್ಟಲಾಗುತ್ತಿದ್ದರೆ ಕೈ ಬಿಗಿ, 4 ಮಿ.ಮೀ. ಕಡ್ಡಿ ಹಿಡಿಯಿರಿ. ಎಣಿಕೆ ಪ್ರತಿ ಸುತ್ತಿಗೆ ಒಂದು ಕಡಿಮೆ ಬರುತ್ತಿದ್ದರೆ, ಆರಂಭದ 3 ಚೈನನ್ನು ಸ್ಟಿಚ್ ಎಂದು ಲೆಕ್ಕ ಹಿಡಿದು, ಸುತ್ತಿನ ಕೊನೆಯಲ್ಲಿ ಅದರ ತಲೆಯ ಮೇಲೆ ಹೆಣೆಯುವುದನ್ನು ಬಿಡುತ್ತಿದ್ದೀರಿ.

ಇದೇ ಗುಂಡಿ ತುಂಡುಗಳಿಗೆ ಒಂದು ಬಾಗಿಲ ಬಳೆ

ಹನ್ನೆರಡರಲ್ಲಿ ನಾಲ್ಕೈದು ತುಂಡುಗಳನ್ನು ಬಾಗಿಲಿಗೆ ತೂಗುವ ದುಂಡು ಬಳೆಗೂ ಸಿಕ್ಕಿಸಬಹುದು. ಹೊರ ಅಗಲ 25 ಸೆಂ.ಮೀ., ಕೊಳವೆಯ ದಪ್ಪ 4 ಸೆಂ.ಮೀ. ಇರುವ ಫೋಮ್ ಬಳೆ ಇದೆ ಎನ್ನಿ. ಅದಕ್ಕೆ ಹೊದಿಸುವ ಪಟ್ಟಿಯ ಅಗಲ ಕೊಳವೆಯ ಸುತ್ತಳತೆಗಿಂತ ಒಂದು ಸೆಂ.ಮೀ. ಕಡಿಮೆ, ಅಂದರೆ ಸುಮಾರು 11.5. ಉದ್ದವನ್ನು ಹೊರ ಅಂಚಿನಲ್ಲಿ ಅಳೆದರೆ 78 ಸೆಂ.ಮೀ. ಬರುತ್ತದೆ, ಅಷ್ಟು ಹೆಣೆದರೆ ಒಳ ಅಂಚಿನಲ್ಲಿ ಸುಕ್ಕು ತುಂಬುತ್ತದೆ. ಕೊಳವೆಯ ನಡುಗೆರೆಯ 66 ಸೆಂ.ಮೀ. ಸರಿಯಾದ ಅಳತೆ.

ಇಲ್ಲಿ ಮಾತ್ರ ಹಿಗ್ಗುವ ದಾರ ಬೇಕು, ಉಲ್ಲನ್ ಅಥವಾ ಅಕ್ರಿಲಿಕ್. ಪಟ್ಟಿಯ ಅಗಲಕ್ಕೆ ತಕ್ಕಷ್ಟು, ಸುಮಾರು 18 ಸ್ಟಿಚ್, 4 ಮಿ.ಮೀ. ಕಡ್ಡಿಯಲ್ಲಿ ಸಿಂಗಲ್ ಕ್ರೋಶಾ ಹಾಕಿ. ಎರಡನೆಯ ಸಾಲಿನಿಂದ ಪ್ರತಿ ಸ್ಟಿಚ್‌ನ ಹಿಂದಿನ ಎಳೆಯಲ್ಲಿ ಮಾತ್ರ ಹೆಣೆಯಿರಿ. ಹೀಗೆ ಬರುವ ಏರಿಳಿತದ ಪಟ್ಟಿ ಉದ್ದಕ್ಕೆ ಚೆನ್ನಾಗಿ ಹಿಗ್ಗುವುದರಿಂದ ಹೊರ ಅಂಚಿನಲ್ಲಿ ಚಾಚಿ, ಒಳ ಅಂಚಿನಲ್ಲಿ ಕುಗ್ಗಿ ಕೂರುತ್ತದೆ. ಎರಡು ತುದಿಗಳನ್ನು ಮೊದಲು ಸೇರಿಸಿ, ಆಮೇಲೆ ಬಳೆಯ ಬೆನ್ನ ಮೇಲೆ ಅಂಚುಗಳನ್ನು ಹೊಲಿಯಿರಿ. ಕುಣಿಕೆಗಳನ್ನು ಹೊಲಿಗೆ ಮುಗಿದ ಮೇಲೆ ಬೇಕಾದ ಜಾಗದಲ್ಲಿ, ಪಟ್ಟಿಯ ಸ್ಟಿಚ್‌ಗಳಿಗೇ ದಾರ ಸೇರಿಸಿ 6 ಚೈನಿನಿಂದ ಮಾಡಿಕೊಳ್ಳಿ. ಎಲ್ಲವನ್ನೂ ಸಮ ಅಂತರದಲ್ಲಿಡುವುದಕ್ಕಿಂತ ಕೆಳಗಿನ ಎಡ ಮೂಲೆಯಲ್ಲಿ ಗುಂಪಾಗಿ ಮೂರು, ಅದರ ಎದುರು ಒಂದು ಇಟ್ಟರೆ ಕಣ್ಣಿಗೆ ಹಿತ.

ಎತ್ತಿಡುವಾಗ

ಗಂಜಿ ಹಾಕಿದ ತುಂಡುಗಳನ್ನು ತಿಂಗಳುಗಟ್ಟಲೆ ಹಾಗೆಯೇ ಇಟ್ಟರೆ ಗಂಜಿ ತಿನ್ನಲು ಹುಳು ಬರುತ್ತವೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿ ತೆಗೆದು, ಪೂರ್ತಿ ಒಣಗಿಸಿ, ಮುಂದಿನ ವರ್ಷ ಹೊಸದಾಗಿ ಹಾಕುವುದೇ ಮೇಲು. ಅಚ್ಚಿನ ಹಾಳೆಯನ್ನೂ ಅದೇ ಡಬ್ಬಿಯಲ್ಲಿಡಿ. ಉಲ್ಲನ್ ಇದ್ದರೆ ನುಸಿ ಹೊಗದ ಮುಚ್ಚಳದ ಡಬ್ಬಿ ಬೇಕು, ಬಿಸಿನೀರಲ್ಲಿ ಉಜ್ಜಬಾರದು, ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಕುಗ್ಗಿ ದಪ್ಪ ಕಂಬಳಿಯಾಗುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿಯಲ್ಲಿ ವರ್ಷವಿಡೀ ಇರುವುದು ಹುರಿಯೊಂದೇ, ಆದ್ದರಿಂದ ಬಣ್ಣ ಮಾಸುವುದೂ ಅದರದ್ದೇ. ಹುರಿಗೆ ಬಿಳಿ ಅಥವಾ ಕೋರಾ ಬಣ್ಣ ಆರಿಸಿದರೆ ಮಾಸಿದ್ದು ಕಾಣುವುದಿಲ್ಲ, ಯಾವ ಋತುವಿನ ಸೆಟ್ಟಿಗೂ ಹೊಂದುತ್ತದೆ.